ಮೂಲೆಮನೆಯ ಪೂರ್ವದ ಬಾಗಿಲು

ವೆಲಿಂಗ್ಟನ್ನಿನಿಂದ ಎರಡು ತಾಸಿನ ದಾರಿಯ ಪಾಮರ್ಸ್ಟನ್ ನಾರ್ತ್ ಊರಿನಲ್ಲಿ ಕಣ್ಣಿದ್ದವನು ತಾನೊಬ್ಬನೇ ಎಂಬುದು ವೆಂಕಟರಮಣ ಅವರ ಗಟ್ಟಿ ನಂಬಿಕೆ. ಉಳಿದವರಿಗೂ ಕಣ್ಣಿತ್ತು ಎನ್ನಿ, ಆದರೆ ಅದು ಕಾರು ಓಡಿಸಲಿಕ್ಕೆ, ಸೂಪರ್ ಮಾರ್ಕೆಟ್ಟಿನಲ್ಲಿ ರಿಯಾಯಿತಿ ಚೀಟಿ ಓದಲಿಕ್ಕೆ. ಒಂದು ಮನೆಯನ್ನು ನಿಂತು ನೋಡುವುದಕ್ಕಲ್ಲ. ಮೈಸೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ ಇಲ್ಲಿಗೆ ಬಂದ ಅವರು, ಹಳೆಯ ಕಟ್ಟಡಗಳು ಭೂಕಂಪ ತಡೆದುಕೊಳ್ಳುತ್ತವೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದರು. ಆ ಕೆಲಸದ ಜೊತೆ ಒಂದು ಹುಚ್ಚೂ ಹತ್ತಿಕೊಂಡಿತ್ತು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಕಟ್ಟಿದ ಮೂಲೆಮನೆಗಳ ಹುಚ್ಚು. ಎರಡು ರಸ್ತೆ ಕೂಡುವಲ್ಲಿ ನಿಂತ ಅಂಥ ಮನೆಗಳನ್ನು ಊರೆಲ್ಲ ಸುತ್ತಿ ಅವರು ನಲವತ್ತೊಂದು ಗುರುತು ಹಾಕಿದ್ದರು. ಒಂದೊಂದಕ್ಕೂ ನಂಬರು ಕೊಟ್ಟು, ಫೋಟೋ ಅಂಟಿಸಿ, ಯಾರು ಕಟ್ಟಿಸಿದ್ದು, ಯಾವಾಗ ಎಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಪ್ರತಿ ಪುಟದ ಕೊನೆಯಲ್ಲಿ ‘ಹಾಳು ಮಾಡಿದವರು’ ಎಂದು ಒಂದು ಸಾಲು. ಯಾರಾದರೂ ಮನೆ ಕೆಡವಿದರೆ, ಹಳೆಯ ಮರದ ಕಿಟಕಿ ಕಿತ್ತು ಅಲ್ಯೂಮಿನಿಯಂ ಕೂರಿಸಿದರೆ, ಅಲ್ಲಿ ಕೆಂಪು ಶಾಯಿಯಲ್ಲಿ ಅವರ ಹೆಸರು ಬೀಳುತ್ತಿತ್ತು. ಹಾಗೆ ಬರೆಯುವಾಗ ಗಂಡನ ಮುಖದಲ್ಲಿ ಮೂಡುವ ತೃಪ್ತಿಯನ್ನು ಕಾಮಾಕ್ಷಿ ಎಷ್ಟೋ ಸಲ ನೋಡಿದ್ದರು. ಮನೆ ಉಳಿದಿದ್ದರೆ ಇವರಿಗೆ ಇಷ್ಟು ಸಂತೋಷ ಆಗುತ್ತಿತ್ತೋ ಇಲ್ಲವೋ ಎಂದು ಆಕೆಗೆ ಅನುಮಾನ.

ನಲವತ್ತೊಂದರಲ್ಲಿ ಅವರ ಪ್ರಾಣ ಇದ್ದದ್ದು ಹದಿನೇಳನೇ ನಂಬರಿನಲ್ಲಿ. ಅದನ್ನು ಕಟ್ಟಿಸಿದವನು ಫೆನ್ವಿಕ್ ಎಂಬ ಡಾಕ್ಟರು, 1934ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ ನೇಪಿಯರ್‌ನಲ್ಲಿ ಭೂಮಿ ನಡುಗಿ ಇಟ್ಟಿಗೆಯ ಕಟ್ಟಡಗಳು ಮಕಾಡೆ ಮಲಗಿದ್ದವು. ಗಾಯಗೊಂಡವರಿಗೆ ಪಟ್ಟಿ ಕಟ್ಟಲು ಹೋಗಿದ್ದ ಡಾಕ್ಟರು ಅದನ್ನು ಕಣ್ಣಾರೆ ಕಂಡು ಹೆದರಿ ಬಂದಿದ್ದ. ತನ್ನ ಮನೆ ಏಳುವಾಗ ಸಿಕ್ಕಸಿಕ್ಕಲ್ಲೆಲ್ಲ ಕಬ್ಬಿಣ ತುಂಬಿಸಿದ. ರೈಲ್ವೆಯವರು ಕಿತ್ತು ಬಿಸಾಡಿದ ಹಳೆಯ ಹಳಿಗಳನ್ನು ಮೇಸ್ತ್ರಿ ಎಲ್ಲಿಂದಲೋ ತಂದು, ಮುಂಬಾಗಿಲಿನ ಎರಡೂ ಕಂಬಗಳೊಳಗೆ ಒಂದೊಂದು, ಮೇಲಿನ ತೊಲೆಯೊಳಗೆ ಎರಡು ಇಟ್ಟು ಕಾಂಕ್ರೀಟು ಸುರಿದಿದ್ದ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬೇಕಾದರೆ ನಗರಸಭೆಯ ಕಡತದಿಂದ ಹಳೆಯ ನಕ್ಷೆ ತೆಗೆಸಿ ನೋಡಬೇಕು, ಅಷ್ಟು ತಾಳ್ಮೆ ಈ ಊರಿನಲ್ಲಿ ಇದ್ದದ್ದು ಯಾರಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ಎರಡು ಅಂತಸ್ತಿನ ಮನೆ, ಚಪ್ಪಟೆ ತಾರಸಿ. ಕೆಳಗೆ ಡಾಕ್ಟರ ದವಾಖಾನೆ, ಮೇಲೆ ಸಂಸಾರ. ರಸ್ತೆಯ ಕಡೆಯ ಎರಡು ಗೋಡೆಗಳು ಮೂಲೆಯಲ್ಲಿ ಚೂಪಾಗಿ ಸೇರುವ ಬದಲು, ಮೂಲೆಯನ್ನು ಕತ್ತರಿಸಿ ಅಲ್ಲಿ ಮುಂಬಾಗಿಲು ಇಟ್ಟಿದ್ದರು. ಮೂರು ಮೊಸಾಯಿಕ್ ಮೆಟ್ಟಿಲು, ತಲೆಯ ಮೇಲೆ ಅರ್ಧಚಂದ್ರದ ಸಜ್ಜಾ, ಇಲ್ಲಿನ ಕಾಡಿನ ರಿಮು ಮರದ ಬಾಗಿಲು, ಬಾಗಿಲಿನ ಮೇಲರ್ಧದಲ್ಲಿ ಹಳದಿ ಕಿತ್ತಳೆ ಗಾಜುಗಳನ್ನು ಜೋಡಿಸಿ ಮಾಡಿದ ಉದಯಸೂರ್ಯ. ಈ ಊರಿನ ನಡುಭಾಗದ ರಸ್ತೆಗಳು ಓರೆಯಾಗಿ ಹೋಗುತ್ತವೆ. ಆದ್ದರಿಂದ ಅಲ್ಲಿನ ಮನೆಗಳ ಮುಖ ಈಶಾನ್ಯಕ್ಕೋ ಆಗ್ನೇಯಕ್ಕೋ ಇರುತ್ತದೆಯೇ ಹೊರತು ನೇರ ಪೂರ್ವಕ್ಕೆ ಇರುವುದಿಲ್ಲ. ನೇರ ಪೂರ್ವಕ್ಕೆ ಬಾಗಿಲು ಬೇಕೆಂದರೆ ಮೂಲೆ ಕತ್ತರಿಸಿದ ಮನೆಯೇ ಆಗಬೇಕು. ಡಾಕ್ಟರು ಅದನ್ನು ತಿಳಿದೇ ಮಾಡಿಸಿದ್ದ. ಒಂದು ಬೆಳಿಗ್ಗೆ ಎಂಟು ಗಂಟೆಗೆ ವೆಂಕಟರಮಣ ಅವರು ಕೆಲಸದ ಮೇಲೆ ಆ ಮನೆಯೊಳಗೆ ಹೋಗಿದ್ದಾಗ, ಹೊರಗಿನ ಸೂರ್ಯ ಗಾಜಿನ ಸೂರ್ಯನನ್ನು ಹಾದು ಬಂದು ಹಜಾರದ ನೆಲದ ಮೇಲೆ ಕಿತ್ತಳೆಯಾಗಿ ಬಿದ್ದಿತ್ತು. ಆ ಬಣ್ಣ ಮಾಸುವ ತನಕ ಅವರು ಅಳತೆ ಟೇಪು ಕೆಳಗಿಟ್ಟು ನಿಂತರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಡಾಕ್ಟರ ನಂತರ ಬಂದವರೆಲ್ಲ ಅವರ ಪ್ರಕಾರ ಒಬ್ಬರಿಗಿಂತ ಒಬ್ಬರು ಗುಗ್ಗುಗಳು. ದವಾಖಾನೆಯನ್ನು ಯಾರೋ ಇಲ್ಲಿಯವರು ಡೇರಿ ಎನ್ನುವ ಮೂಲೆಯಂಗಡಿ ಮಾಡಿ ಇಪ್ಪತ್ತು ವರ್ಷ ಹಾಲು, ಬ್ರೆಡ್ಡು, ಸಿಗರೇಟು ಮಾರಿದರು. ಆಮೇಲೆ ಯೂನಿವರ್ಸಿಟಿ ಹುಡುಗರು ಬಾಡಿಗೆಗೆ ಬಂದು ಗೋಡೆಗೆ ನೇರಳೆ ಬಣ್ಣ ಬಳಿದರು, ಸ್ನಾನದ ತೊಟ್ಟಿಯಲ್ಲಿ ಬಿಯರ್ ತಯಾರಿಸಿದರು. ಆದರೆ ತೊಂಬತ್ತು ವರ್ಷದಲ್ಲಿ ಆ ಗುಗ್ಗುಗಳಲ್ಲಿ ಒಬ್ಬನೂ ಬಾಗಿಲಿಗೆ ಕೈ ಹಚ್ಚಿರಲಿಲ್ಲ. ಆ ಕೆಲಸಕ್ಕೆ ನಮ್ಮವನೇ ಬರಬೇಕಾಯಿತು.

ನಮ್ಮವನೆಂದರೆ ನಂದೀಶ, ಹುಬ್ಬಳ್ಳಿಯವನು, ಸಾಫ್ಟ್‌ವೇರ್ ಮ್ಯಾನೇಜರು, ಊರಿನ ಮೂವತ್ತು ಮನೆಗಳ ಕನ್ನಡ ಕೂಟಕ್ಕೆ ಕಾರ್ಯದರ್ಶಿ. ಅವನು ಹದಿನೇಳನೇ ನಂಬರನ್ನು ಕೊಂಡ ಸುದ್ದಿ ಕೇಳಿದಾಗ ವೆಂಕಟರಮಣ ಅವರಿಗೆ ಎರಡು ಹೊತ್ತು ಅನ್ನ ಸೇರಲಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಕಾಮಾಕ್ಷಿಯ ಹತ್ತಿರ ಹತ್ತು ಸಲ ಹೇಳಿದರು. ಅವನ ಮೇಲೆ ಅವರಿಗೆ ಮೊದಲೇ ಒಂದು ಸಿಟ್ಟಿತ್ತು. ಹಿಂದಿನ ನವೆಂಬರಿನ ರಾಜ್ಯೋತ್ಸವದಲ್ಲಿ ಅವರು ಮೂಲೆಮನೆಗಳ ಬಗ್ಗೆ ಅರವತ್ತು ಚಿತ್ರ ತೋರಿಸಿ ಮಾತಾಡಬೇಕೆಂದು ಮೂರು ತಿಂಗಳು ತಯಾರಿ ಮಾಡಿಕೊಂಡಿದ್ದರು. ನಾಲ್ಕನೇ ಚಿತ್ರಕ್ಕೆ ನಂದೀಶ ಎದ್ದು ಬಂದು ಮೈಕಿನ ಪಕ್ಕ ನಿಂತಿದ್ದ.

“ಅಂಕಲ್, ಊಟಾ ಆರಾಕತ್ತೈತ್ರಿ. ಐದ್ ನಿಮಿಷದಾಗ ಮುಗಸ್ರಿ.”

ಜನ ನಕ್ಕಿದ್ದರು. ಅವರು ಮುಗಿಸಿ ಕೆಳಗಿಳಿದಿದ್ದರು. ಅರವತ್ತರಲ್ಲಿ ಐವತ್ತಾರು ಚಿತ್ರ ಅವರ ಹೊಟ್ಟೆಯಲ್ಲೇ ಉಳಿದಿದ್ದವು.

ಮನೆಯ ಕೀಲಿ ಕೈಗೆ ಬಂದ ಮರುದಿನ, ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ, ನಂದೀಶನೇ ಅವರನ್ನು ಕರೆಸಿಕೊಂಡ. ಇಂಜಿನಿಯರು ಒಬ್ಬರು ಪಕ್ಕದಲ್ಲಿರಲಿ, ಬೆಂಗಳೂರಿನ ವಾಸ್ತು ಗುರೂಜಿ ವಿಡಿಯೋದಲ್ಲಿ ಬರುವವರಿದ್ದಾರೆ ಎಂದ. ವೆಂಕಟರಮಣ ಅವರು ಹೋದರು. ಸಂಧ್ಯಾವಂದನೆ ಬಿಟ್ಟಿರದ ಮನುಷ್ಯ, ಆದರೆ ವಾಸ್ತು ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಟ್ಯಾಬ್ಲೆಟ್ಟಿನಲ್ಲಿ ಗುರೂಜಿ ಮೂಡಿದರು. ರೇಷ್ಮೆ ಶಲ್ಯ, ಹಿಂದೆ ಗೋಡೆಯ ತುಂಬ ಸನ್ಮಾನದ ಫಲಕ. ಮ್ಯಾಪು ಗೀಪು ನಂಬಬಾರದು, ಹೊಸ್ತಿಲ ಮೇಲೆ ನಿಂತು ಬಾಗಿಲಿನ ಕಂಬಕ್ಕೇ ತಾಗಿಸಿ ದಿಕ್ಕು ನೋಡಬೇಕು, ಮನೆಯ ಸತ್ಯ ಇರುವುದು ಅಲ್ಲಿ ಎಂದು ಅಪ್ಪಣೆಯಾಯಿತು. ನಂದೀಶ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ನಿಂತ. ತನ್ನ ಫೋನನ್ನು ಬಲಗಂಬಕ್ಕೆ ಒತ್ತಿ ಹಿಡಿದ. ಫೋನಿನೊಳಗಿನ ದಿಕ್ಸೂಚಿ ಎರಡು ಸಲ ಓಲಾಡಿ ದಕ್ಷಿಣದಲ್ಲಿ ನಿಂತಿತು.

ಕಂಬದೊಳಗೆ ಆರಡಿ ಉದ್ದದ ರೈಲ್ವೆ ಹಳಿ. ಅದರ ಮುಂದೆ ಫೋನು ಹಿಡಿದರೆ ಮುಳ್ಳು ಎತ್ತ ಬೇಕಾದರೂ ತಿರುಗುತ್ತದೆ ಎಂದು ಹೈಸ್ಕೂಲು ಮಕ್ಕಳಿಗೂ ಗೊತ್ತು. ಕಂಬ ಬಿಟ್ಟು ಹತ್ತು ಹೆಜ್ಜೆ ಆಚೆ ಬಂದಿದ್ದರೆ ಸಾಕಿತ್ತು. ಅದೂ ಬೇಡ, ಒಂದು ದಿನ ಬೆಳಿಗ್ಗೆ ಬೇಗ ಬಂದು ಬಿಸಿಲು ಎಲ್ಲಿಂದ ಬೀಳುತ್ತದೆಂದು ನೋಡಿದ್ದರೂ ಆಗುತ್ತಿತ್ತು. ವೆಂಕಟರಮಣ ಅವರ ಬಾಯಿಯ ತುದಿಗೆ ಮಾತು ಬಂತು. ಅಷ್ಟರಲ್ಲಿ ಗುರೂಜಿ ಕಣ್ಣು ಮುಚ್ಚಿ, ದಕ್ಷಿಣ, ಯಮನ ದಿಕ್ಕು, ಈ ಬಾಗಿಲಿನಿಂದ ಒಂದು ಹೆಜ್ಜೆಯೂ ಇಡಬೇಡಿ ಎಂದರು. ನಂದೀಶ ಬೆಂಕಿ ತುಳಿದವನಂತೆ ಹೊಸ್ತಿಲಿನಿಂದ ಹಿಂದಕ್ಕೆ ಹಾರಿದ. ಆ ಹಾರಾಟ ನೋಡಿದ್ದೇ ವೆಂಕಟರಮಣ ಅವರಿಗೆ ಒಳಗೊಳಗೇ ನಗು ಉಕ್ಕಿ, ಬಾಯಿಗೆ ಬಂದ ಮಾತು ಹಿಂದೆ ಹೋಯಿತು.

ಗುರೂಜಿ ಆ ಒಂದು ದಿಕ್ಕು ಹಿಡಿದು ಉಳಿದ ಲೆಕ್ಕವನ್ನೆಲ್ಲ ಹಾಕಿದರು. ಆ ಲೆಕ್ಕದಲ್ಲಿ ಶುಭದ ಈಶಾನ್ಯ ಹೋಗಿ ಬಿದ್ದದ್ದು ಹಿತ್ತಲಿನ ಬಟ್ಟೆ ಒಗೆಯುವ ಕೋಣೆಗೆ, ಕಸದ ಡಬ್ಬಿಗಳ ಪಕ್ಕ. ಅಲ್ಲಿಯೇ ಮಹಾದ್ವಾರ ತೆರೆಯಬೇಕು, ಮೂಲೆಯ ಬಾಗಿಲು ಕಿತ್ತು ಗೋಡೆ ಕಟ್ಟಬೇಕು ಎಂದು ತೀರ್ಪಾಯಿತು. ಲಕ್ಷ್ಮಿ ಇನ್ನು ಮೇಲೆ ವಾಷಿಂಗ್ ಮೆಷೀನು ದಾಟಿಕೊಂಡು ಬರುತ್ತಾಳೆ ಎಂದು ವೆಂಕಟರಮಣ ಅವರು ಮನಸ್ಸಿನಲ್ಲೇ ಹೇಳಿಕೊಂಡು ಚಪ್ಪರಿಸಿದರು.

ಹೊರಡುವಾಗ ನಂದೀಶನ ಹೆಂಡತಿ ಮೇಘಾ ಮೆಟ್ಟಿಲ ಹತ್ತಿರ ಸಿಕ್ಕಿದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಣ್ಣು, ಹೆಚ್ಚು ಮಾತಿನವಳಲ್ಲ. ಒಂದು ಕೈಯಿಂದ ಬಾಗಿಲಿನ ಗಾಜನ್ನು ಸವರುತ್ತ ನಿಂತಿದ್ದಳು.

“ಅಂಕಲ್, ಈ ಬಾಗಲಾ ನೋಡೇ ನಾ ಈ ಮನಿ ತಗೋಳ್ಳೂಣು ಅಂದಿದ್ದೆ. ಇದನ್ನ ಉಳಸೂ ಹಂಗ ಏನರೆ ದಾರಿ ಐತೇನ್ರಿ? ನಿಮಗ ಗೊತ್ತಿರತೈತಿ.”

ಗೊತ್ತಿತ್ತು. ಒಂದೇ ವಾಕ್ಯ ಸಾಕಿತ್ತು. ಆದರೆ ಈಗ ಹೇಳಿದರೆ ಏನಾಗುತ್ತದೆ? ನಂದೀಶ ಹೌದಾ ಅಂಕಲ್, ಥ್ಯಾಂಕ್ಯೂ ಎಂದು ಫೋನನ್ನು ಜೇಬಿಗೆ ಹಾಕಿಕೊಂಡು ಹೋಗಿಬಿಡುತ್ತಾನೆ. ಇಂಥ ಮೂರ್ಖತನ ಜೀವಮಾನಕ್ಕೊಮ್ಮೆ ಸಿಗುವುದು, ಅದನ್ನು ಯಾರೂ ಇಲ್ಲದ ಕಡೆ ಮುಗಿಸಿಬಿಡುವುದೇ? ಕನ್ನಡ ಕೂಟವೆಲ್ಲ ಸೇರುವ ಗೃಹಪ್ರವೇಶ ಮೂರು ವಾರದ ಮೇಲಿತ್ತು. ಗೋಡೆ ಒಡೆಯಲು ನಗರಸಭೆಯ ಅನುಮತಿ ಬರಲು ತಿಂಗಳಂತೂ ಬೇಕು. ಅಲ್ಲಿಯವರೆಗೆ ಬಾಗಿಲು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವರು ಒಂದೇ ಉಸಿರಿನಲ್ಲಿ ಲೆಕ್ಕ ಹಾಕಿದರು.

“ನಾನು ಇಂಜಿನಿಯರು ಕಣಮ್ಮ, ಜ್ಯೋತಿಷಿ ಅಲ್ಲ. ನಿಮ್ಮ ಗುರೂಜಿನೇ ಕೇಳಿ.”

ಮೇಘಾ ಗಾಜಿನ ಮೇಲಿನ ಕೈ ತೆಗೆದಳು.

ಆ ಮೂರು ವಾರ ವೆಂಕಟರಮಣ ಅವರಿಗೆ ಹಬ್ಬದ ಹಿಂದಿನ ದಿನಗಳ ಹಾಗೆ ಕಳೆದವು. ಕಾಲೇಜಿನ ಕಾಲದಲ್ಲಿ ಸರ್ವೆಗೆ ಬಳಸುತ್ತಿದ್ದ ಹಿತ್ತಾಳೆಯ ದಿಕ್ಸೂಚಿಯನ್ನು ಪೆಟ್ಟಿಗೆಯಿಂದ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಕನ್ನಡಿಯ ಮುಂದೆ ನಿಂತು, ಮೊದಲು ಯಾವ ಮಾತು, ಆಮೇಲೆ ಯಾವ ಮಾತು, ಎಲ್ಲಿ ನಿಲ್ಲಿಸಿ ಜನರ ಮುಖ ನೋಡಬೇಕು ಎಂದು ಅಭ್ಯಾಸ ಮಾಡಿದರು. ಕಾಮಾಕ್ಷಿ, ಪಾಪ ಆ ಹುಡುಗಿಗೆ ಒಂದು ಫೋನು ಮಾಡಿ ಹೇಳಿಬಿಡಬಾರದೇ ಎಂದು ಎರಡು ಸಲ ಕೇಳಿದರು.

“ನನಗೆ ಐದು ನಿಮಿಷ ಕೊಟ್ನಲ್ಲ ಅವನು, ನಾನೂ ಐದೇ ನಿಮಿಷದಲ್ಲಿ ಮುಗಿಸ್ತೀನಿ,” ಎಂದರು ಅವರು.

ಅಷ್ಟು ದಿನವೂ ಅವರು ಆ ರಸ್ತೆಯ ಕಡೆ ತಲೆ ಹಾಕಲಿಲ್ಲ. ಬಾಗಿಲು ಕಣ್ಣಿಗೆ ಬಿದ್ದರೆ ಬಾಯಿ ಸುಮ್ಮನಿರುವುದಿಲ್ಲ ಎಂಬ ಭಯವಿತ್ತು. ಅಷ್ಟು ಪ್ರೀತಿ ಅದರ ಮೇಲೆ.

ಗೃಹಪ್ರವೇಶದ ಬೆಳಿಗ್ಗೆ ಪಂಚೆ ಶಲ್ಯದಲ್ಲಿ, ಜುಬ್ಬದ ಜೇಬಿನಲ್ಲಿ ದಿಕ್ಸೂಚಿ ಇಟ್ಟುಕೊಂಡು ಅವರು ಕಾರಿಳಿದರು. ಮೂಲೆಗೆ ತಿರುಗಿದವರು ಅಲ್ಲೇ ನಿಂತರು. ಮೊಸಾಯಿಕ್ ಮೆಟ್ಟಿಲು ಮೂರೂ ಇದ್ದವು. ಅವು ಏರಿ ಹೋಗಿ ಮುಟ್ಟುತ್ತಿದ್ದದ್ದು ಬೂದುಬಣ್ಣದ ಸಿಮೆಂಟು ಬ್ಲಾಕಿನ ಗೋಡೆಯನ್ನು. ಗಾರೆ ಇನ್ನೂ ಹಸಿಯಾಗಿತ್ತು. ಸಜ್ಜಾದ ಕೆಳಗೆ ಯಾರೋ ರಟ್ಟಿನ ಮೇಲೆ ಬಾಣದ ಗುರುತು ಬರೆದು, ದಾರಿ ಹಿತ್ತಲಿನಿಂದ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ತೂಗುಹಾಕಿದ್ದರು.

ಕಾಮಾಕ್ಷಿ ಗಂಡನ ತೋಳು ಹಿಡಿದು ಹಿತ್ತಲಿಗೆ ನಡೆಸಿಕೊಂಡು ಹೋದರು. ಕಸದ ಡಬ್ಬಿಗಳಿಗೆ ಹಳದಿ ಬಟ್ಟೆ ಹೊದಿಸಿದ್ದರು. ಒಗೆಯುವ ಕೋಣೆಯ ಬಾಗಿಲಿಗೆ ಮಾವಿನ ತೋರಣ ಸಿಗದೆ ಇಲ್ಲಿನದೇ ಯಾವುದೋ ಗಿಡದ ಎಲೆಯ ತೋರಣ. ಅರವತ್ತು ಜನ ವಾಷಿಂಗ್ ಮೆಷೀನಿಗೆ ಸೆರಗು ತಾಗದ ಹಾಗೆ ಓರೆಯಾಗಿ ನುಸುಳಿ ಒಳಗೆ ಹೋಗುತ್ತಿದ್ದರು. ಹಜಾರದಲ್ಲಿ ಹಗಲಿನಲ್ಲೇ ದೀಪ ಹಾಕಬೇಕಾಗಿತ್ತು. ಹಾಲು ಉಕ್ಕಿತು, ವೆಲಿಂಗ್ಟನ್ನಿನಿಂದ ಬಂದ ಪುರೋಹಿತರು ಮಂತ್ರ ಹೇಳಿದರು, ಕೆಟ್ಟ ಬಾಗಿಲು ಹೋಯಿತೆಂದು ಎಲ್ಲರೂ ನಂದೀಶನ ಬೆನ್ನು ತಟ್ಟಿದರು. ಅನುಮತಿಗೆ ಕಾಯುತ್ತಾ ಕೂತರೆ ಮುಹೂರ್ತ ತಪ್ಪುತ್ತಿತ್ತು, ಬಿಲ್ಡರ್ ಗೆಳೆಯನೊಬ್ಬ ಒಂದೇ ವಾರಾಂತ್ಯದಲ್ಲಿ ಮುಗಿಸಿಕೊಟ್ಟ, ಕಾಗದಪತ್ರ ಆಮೇಲೆ ನೋಡಿಕೊಂಡರಾಯಿತು ಎಂದು ಅವನು ಹೇಳಿಕೊಳ್ಳುತ್ತಿದ್ದ. ಗಾಜಿನ ಸೂರ್ಯನನ್ನು ಮೇಘಾ ಎತ್ತಿಟ್ಟುಕೊಳ್ಳಬೇಕೆಂದಿದ್ದಳಂತೆ. ಹಾರೆ ಜಾರಿ ಅದು ಪುಡಿಯಾಯಿತಂತೆ.

ಇಲ್ಲಿಗಾದರೂ ಮನುಷ್ಯ ಸುಮ್ಮನಿರಬೇಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ವೆಂಕಟರಮಣ ಅವರಿಗೆ ಕೆಟ್ಟ ಮೇಲೂ ಬಂದದ್ದು ಬುದ್ಧಿಯಲ್ಲ, ಮತ್ತೂ ಹೆಚ್ಚಿನ ಸಿಟ್ಟು. ಬಾಗಿಲು ಹೋಯಿತು, ಸರಿ, ಇವನ ಮಾನವೂ ಹೋಗಲಿ ಎನಿಸಿತು. ಊಟದ ತಟ್ಟೆ ಕೈಯಲ್ಲಿದ್ದವರನ್ನೆಲ್ಲ ಹೊರಗೆ ಕರೆದುಕೊಂಡು ಬಂದರು. ಕಂಬದಿಂದ ಹತ್ತು ಹೆಜ್ಜೆ ದೂರ, ಬಾಗಿಲು ಇದ್ದ ಜಾಗಕ್ಕೆ ಬೆನ್ನು ಮಾಡಿ ಫುಟ್‌ಪಾತಿನ ಮೇಲೆ ನಿಂತು ದಿಕ್ಸೂಚಿ ತೆರೆದರು. ಮುಳ್ಳು ನಿಂತಿತು. ಬಾಗಿಲಿನ ಮುಖ ಪೂರ್ವ, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಅದನ್ನೇ ಕಂಬದ ಹತ್ತಿರ ಒಯ್ದರು. ಮುಳ್ಳು ಓಲಾಡಿ, ಅದೇ ಬಾಗಿಲಿನ ಮುಖವನ್ನು ದಕ್ಷಿಣ ಎಂದು ತೋರಿಸಿತು. ಡಾಕ್ಟರ ಭಯ, ಮೇಸ್ತ್ರಿಯ ಹಳಿಗಳು, ಊರಿನ ಓರೆ ರಸ್ತೆಗಳು, ಊರಿನ ನಡುವೆ ಪೂರ್ವಕ್ಕೆ ಕಣ್ಣಿಟ್ಟಿದ್ದ ಬಾಗಿಲು, ಎಲ್ಲವನ್ನೂ ಹೇಳಿದರು. ಈಗ ಬಂಧುಮಿತ್ರರು ಒಳಗೆ ಬಂದದ್ದು ಈಶಾನ್ಯದಿಂದಲ್ಲ, ವಾಯವ್ಯದಿಂದ, ಮಹಾದ್ವಾರದಲ್ಲಿ ಒಗೆಯುವ ಯಂತ್ರವೇ ದ್ವಾರಪಾಲಕ ಎಂದರು. ಕನ್ನಡಿಯ ಮುಂದೆ ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಬಂತು. ಸರಿಯಾಗಿ ಐದು ನಿಮಿಷ.

ಯಾರೋ ಒಬ್ಬರು ನಕ್ಕು, ಉಳಿದವರು ನಗದಿದ್ದದ್ದನ್ನು ಕಂಡು ನಿಲ್ಲಿಸಿದರು. ನಂದೀಶನ ಮುಖ ಕಪ್ಪಿಟ್ಟಿತು. ಅವನು ಗೋಡೆಯನ್ನು ನೋಡಿದ, ಮೆಟ್ಟಿಲನ್ನು ನೋಡಿದ. ವೆಂಕಟರಮಣ ಅವರು ನಾಲ್ಕು ತಿಂಗಳಿನಿಂದ ಕಾಯುತ್ತಿದ್ದ ಮುಖ ಅದು. ಅದನ್ನು ಕಣ್ತುಂಬ ನೋಡಿಕೊಳ್ಳುತ್ತಿರುವಾಗ ಹಿಂದಿನಿಂದ ಮೇಘಾ ಬಂದಳು. ಬಡಿಸುತ್ತಿದ್ದ ಸೌಟು ಇನ್ನೂ ಕೈಯಲ್ಲಿತ್ತು.

“ಇದು ನಿಮಗ ಯಾವಾಗ ಗೊತ್ತಾತ್ರಿ ಅಂಕಲ್?”

ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ, ಏಕೆಂದರೆ ಮೊದಲೇ ಗೊತ್ತಿತ್ತು ಎಂಬುದೇ ಅವರ ಹೆಮ್ಮೆಯಾಗಿತ್ತು.

“ಅವತ್ತೇ. ಫೋನು ಕಂಬಕ್ಕೆ ಹಿಡಿದಾಗಲೇ.”

ಮೇಘಾ ಅವರನ್ನು ನೋಡಿದಳು. ಆ ನೋಟವನ್ನು ಅವರು ಚೆನ್ನಾಗಿ ಬಲ್ಲರು. ಕಿಟಕಿ ಕಿತ್ತವರನ್ನು, ನೇರಳೆ ಬಣ್ಣ ಬಳಿದವರನ್ನು ತಾವು ನೋಡುತ್ತಿದ್ದದ್ದು ಹಾಗೆಯೇ.

“ಗುರೂಜಿ ಹನ್ನೊಂದ ಸಾವಿರ ಕಿಲೋಮೀಟರ್ ದೂರ ಕುಂತಿದ್ರು, ಅವರಿಗೆ ಗೊತ್ತಿರಲಿಲ್ಲ. ಇವರಿಗೂ ಗೊತ್ತಿರಲಿಲ್ಲ. ನೀವು ಹೊಸ್ತಿಲದಾಗ ನಿಂತಿದ್ರಿ. ನಾ ಬಾಯಿಬಿಟ್ಟು ಕೇಳಿದ್ನೆಲ್ರಿ.”

ಅವಳು ದನಿ ಏರಿಸಿರಲಿಲ್ಲ. ಊಟ ಮುಗಿಸಿಕೊಂಡೇ ಹೋಗಿ ಎಂದು ಕಾಮಾಕ್ಷಿಯವರಿಗೆ ಹೇಳಿ ಒಳಗೆ ಹೋದಳು. ಅರವತ್ತು ಜನ ತಟ್ಟೆ ಹಿಡಿದು ನಿಂತಿದ್ದರು, ಈಗ ಯಾರೂ ನಂದೀಶನನ್ನು ನೋಡುತ್ತಿರಲಿಲ್ಲ. ವೆಂಕಟರಮಣ ಅವರಿಗೆ ಮೈಮೇಲೆ ಬಟ್ಟೆಯೇ ಇಲ್ಲದಷ್ಟು ನಾಚಿಕೆಯಾಯಿತು. ದಿಕ್ಸೂಚಿಯನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದು ಶಲ್ಯವನ್ನೂ ತೆಗೆಯದೆ ನೋಟ್‌ಬುಕ್ಕು ಬಿಚ್ಚಿದರು. ಹದಿನೇಳನೇ ಪುಟ. ಫೋಟೋದಲ್ಲಿ ಬಾಗಿಲು ಇನ್ನೂ ಇತ್ತು, ಗಾಜಿನ ಸೂರ್ಯ ಇನ್ನೂ ಹುಟ್ಟುತ್ತಲೇ ಇದ್ದ. ಕೆಂಪು ಪೆನ್ನು ತೆಗೆದುಕೊಂಡು ‘ಹಾಳು ಮಾಡಿದವರು’ ಎಂಬ ಸಾಲಿಗೆ ಬಂದು ‘ನಂ’ ಎಂದು ಬರೆದರು. ಕೈ ಅಲ್ಲೇ ನಿಂತಿತು. ಅದನ್ನು ಹೊಡೆದುಹಾಕಿದರು. ಗುರೂಜಿಯ ಹೆಸರನ್ನು ಬರೆಯೋಣವೆಂದರೆ ಅದೂ ಆಗಲಿಲ್ಲ. ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ, ಮೇಜಿನಿಂದ ನೆಲದ ಮೇಲೆ ಇಳಿಯುವ ತನಕ ಪೆನ್ನು ಹಿಡಿದು ಕೂತೇ ಇದ್ದರು.

ಕಾಮಾಕ್ಷಿ ಕಾಫಿ ತಂದು ಮುಂದೆ ಇಟ್ಟರು. ಪುಟವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

“ಇಪ್ಪತ್ತೆರಡು ವರ್ಷದಿಂದ ಎಲ್ಲಾ ಕಾಗದಕ್ಕೂ ರುಜು ಹಾಕ್ತಿದ್ದೀರಿ,” ಎಂದರು. “ನಿಮ್ಮ ಹೆಸರು ಬರೆಯೋಕೆ ಇಷ್ಟು ಹೊತ್ತು ಬೇಕಾ?”